ಗುಟ್ಟು ಹೇಳಿದವಳು ಸುಧಾ ಅಲ್ಲ

ಗಿರಿಜಾಳ ಗುಟ್ಟನ್ನು ಹೊರಗೆ ಹಾಕಿದವಳು ಅವಳ ತಂಗಿ ಸುಧಾ ಅಲ್ಲ — ನಾನು. ಒಂದು ಸಿನೆಮಾದ ಬಗ್ಗೆ ನಡೆದ ವಾದದಲ್ಲಿ ನನ್ನ ಮಾತೇ ಮೇಲಾಗಬೇಕಿತ್ತು, ಅದಕ್ಕೆ ಹೇಳಿದೆ. ಆರು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ.

ಗಿರಿಜಾ ಕೇಶ್ವಾಪುರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಅಲ್ಲಿಂದ ಎರಡು ಓಣಿ ದಾಟಿದರೆ ನನ್ನ ಮನೆ. ನಾನು ಆಗ ದಿನಾ ಧಾರವಾಡಕ್ಕೆ ಹೋಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಬರುತ್ತಿದ್ದೆ. ನಮ್ಮನ್ನು ಕೂಡಿಸಿದ್ದು ಸಿನೆಮಾ. ಹೊಸ ಚಿತ್ರ ಬಂದರೆ ಒಟ್ಟಿಗೆ ನೋಡುವುದು, ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಗಿರಮಿಟ್ಟು ತಿನ್ನುತ್ತ ಅದರ ಬಗ್ಗೆ ಜಗಳಾಡುವುದು. ಮೂರನೆಯವರು ಪಕ್ಕದ ಮನೆಯ ವಿಮಲಾ ವೈನಿ. ಮಾತು ಕಡಿಮೆಯಿರುವ, ಕೊನೆಗೆ ಏನೂ ಬಗೆಹರಿಯದ ಚಿತ್ರಗಳೆಂದರೆ ನನಗೆ ಇಷ್ಟ. ಗಿರಿಜಾಗೆ ಕಳೆದುಹೋದವರು ಸಿಗಬೇಕು, ಮುನಿದವರು ಕೂಡಬೇಕು. ನಾನು ನಕ್ಕರೆ, “ಬದುಕಿನ್ಯಾಗ ಆಗೂದಿಲ್ಲಂತನ ಅಲ್ಲೇನ್ರಿ ಅಕ್ಕಾರ, ಥೇಟರಿಗೆ ಹೋಗೂದು?” ಅನ್ನುತ್ತಿದ್ದಳು.

ಸ್ನೇಹ ಗಟ್ಟಿಯಾದ ಮೇಲೆ ಒಂದು ದಿನ ಅವಳೇ ಹೇಳಿಕೊಂಡಿದ್ದಳು. ಹತ್ತೊಂಬತ್ತಕ್ಕೆ ಅವಳಿಗೊಂದು ಮದುವೆಯಾಗಿತ್ತು. ಹೊಡೆತ ತಾಳಲಾರದೆ ಕಮರಿಪೇಟೆಯ ತವರಿಗೆ ಓಡಿಬಂದಾಗ ಎರಡು ವರ್ಷದ ಗಂಡುಮಗು ಅಲ್ಲೇ ಉಳಿಯಿತು. ಅವರು ಕೊಡಲಿಲ್ಲ. ಆಮೇಲೆ ಎರಡನೆಯ ಮದುವೆ, ಮಗಳು ಮೇಘಾ. ತವರಿನ ಹಿರಿಯರು ತೀರಿಕೊಂಡ ಮೇಲೆ ಆ ಹುಡುಗನ ವಿಷಯ ಈ ಊರಿನಲ್ಲಿ ಗೊತ್ತಿದ್ದದ್ದು ತೀರಿಹೋದ ಅವಳ ಎರಡನೆಯ ಗಂಡನಿಗೆ, ಸುಧಾಗೆ, ನನಗೆ. “ಮೇಘಾಗ ನಾನ ಹೇಳತೇನ್ರಿ. ಇನ್ನೊಂದೀಟು ದೊಡ್ಡಾಕಿ ಆಗಲಿ.”

ಆರು ವರ್ಷದ ಹಿಂದೆ ಬಂದ ಒಂದು ಚಿತ್ರದಲ್ಲಿ ಮಗುವನ್ನು ಬಿಟ್ಟುಹೋದ ತಾಯಿಗೆ ಇಪ್ಪತ್ತು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮಗ ಸಿಗುತ್ತಾನೆ. ಒಂದು ಮಾತೂ ಕೇಳದೆ ಅಪ್ಪಿಕೊಳ್ಳುತ್ತಾನೆ. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನು ಗಡಿಯಾರ ನೋಡಿಕೊಂಡೆ. ಯಾಕೆ ಅಳುತ್ತಿದ್ದಾಳೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ…

ಆ ಭಾನುವಾರ ಮದುವೆಮನೆಯ ಹೊಲಿಗೆ ಮುಗಿಸುವುದಿತ್ತೆಂದು ಗಿರಿಜಾ ಬರಲಿಲ್ಲ. ನಾನು ಚಿತ್ರದ ಒಂದೊಂದೇ ಸುಳ್ಳನ್ನು ಬಿಡಿಸಿ ತೋರಿಸುತ್ತಿದ್ದೆ. ವಿಮಲಾ ವೈನಿ ತಡೆದರು: “ಗಿರಿಜಾ ಹೇಳಿದ್ದ ಖರೇ ಅದ ನೋಡ್ರಿ. ಭಾಳ ಛಲೋ ಸಿನೆಮಾ. ನಿಮಗ ಮನಸಿಗೆ ತಟ್ಟೂದ ತಿಳಿಯೂದಿಲ್ಲ, ಬರೇ ತಪ್ಪ ಹುಡುಕತೀರಿ.”

ಚುಚ್ಚಿತು. ಅಂಥ ಮಾತನ್ನು ನನಗೆ ಯಾರೂ ಅಂದಿರಲಿಲ್ಲ.

“ಗಿರಿಜಾ ಅತ್ತದ್ದು ಸಿನೆಮಾ ಛಲೋ ಅದ ಅಂತಲ್ಲ ವೈನಿ,” ಎಂದೆ. “ಆಕೀನೂ ಒಂದು ಕೂಸು ಬಿಟ್ಟು ಬಂದಾಳ. ಅದಕ್ಕ.”

ವೈನಿ ಬಾಯಿಗೆ ಒಯ್ಯುತ್ತಿದ್ದ ಚಮಚ ಅಲ್ಲೇ ನಿಂತಿತು. ನಿಜ ಹೇಳಬೇಕೆಂದರೆ — ಆ ಕ್ಷಣ ನನಗೆ ಮೊದಲು ಅನ್ನಿಸಿದ್ದು ಗೆದ್ದೆ ಎಂದೇ. ಯಾರ ಮುಂದೂ ಅನ್ನಬೇಡಿ ಎಂದು ಹೇಳಿದ್ದು ಆಮೇಲೆ.

ವೈನಿ ತಮ್ಮ ಮಗಳಿಗೆ ಹೇಳಿದರು. ಆ ಹುಡುಗಿ ಮೇಘಾಳ ಜೊತೆ ಪಿಯುಸಿ ಓದುತ್ತಿದ್ದಳು. ಹತ್ತು ದಿನದೊಳಗೆ ಮೇಘಾ ಅಂಗಡಿಗೆ ಬಂದು, ಅಳತೆ ಕೊಡಲು ಬಂದ ಹೆಂಗಸರೆದುರೇ ತಾಯಿಯನ್ನು ಕೇಳಿದಳಂತೆ: “ನನಗೊಬ್ಬ ಅಣ್ಣ ಅದಾನಂತಲ್ಲ? ಅವನ್ನ ಬಿಟ್ಟಾಂಗ ನನ್ನೂ ಬಿಡತಿದ್ದೇನು?”

ಅಂದು ಸಂಜೆ ಗಿರಿಜಾ ನಮ್ಮ ಮನೆಗೆ ಬಂದಳು. ಕೂಡಲಿಲ್ಲ. “ಅಕ್ಕಾರ, ಕೇಳಾಕ ನಾಚಿಕಿ ಆಗತೈತಿ. ನೀವೇನರ ಯಾರ ಮುಂದರ —”

ನಾನು ಮುಗಿಸಗೊಡಲಿಲ್ಲ. “ನನ್ನ ಮ್ಯಾಲೆ ಸಂಶಯ ಪಡತೀಯೇನು? ಹೋಗಿ ಸುಧಾನ್ನ ಕೇಳು.”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ತಪ್ಪಾತ್ರಿ,” ಅಂದಳು. ನನಗೆ.

ಸುಧಾ ದೇವರ ಮೇಲೆ ಆಣೆ ಮಾಡಿದಳು. ಗಿರಿಜಾ ನಂಬಲಿಲ್ಲ. ಅಕ್ಕತಂಗಿಯರ ಮಾತು ನಿಂತುಹೋಯಿತು. ಮೇಘಾ ತನ್ನ ಗೆಳತಿಯ ಹೆಸರು ಹೇಳಲಿಲ್ಲ. ವೈನಿಯೂ ಬಾಯಿ ಬಿಡಲಿಲ್ಲ, ಬಿಟ್ಟರೆ ಅವರ ಹೆಸರೂ ಬರುತ್ತಿತ್ತು. ಎರಡು ವರ್ಷದ ಮೇಲೆ ಸುಧಾಗೆ ಕಿಡ್ನಿ ಕೆಟ್ಟಿತು. ಆಸ್ಪತ್ರೆಯಿಂದ ಎರಡು ಸಲ ಹೇಳಿಕಳಿಸಿದಳು — ನಾನು ಹೇಳಿಲ್ಲ, ಒಮ್ಮೆ ಬಂದು ಹೋಗು ಎಂದು. ಗಿರಿಜಾ ಹಟ ಬಿಟ್ಟು ಹೊರಟಾಗ ಸುಧಾಳನ್ನು ಮನೆಗೆ ತಂದು ಮಲಗಿಸಿದ್ದರು. ನಾನೂ ಹೋಗಿದ್ದೆ. ಹೆಣದ ಮುಂದೆ ಗಿರಿಜಾಳ ಬೆನ್ನು ಸವರುತ್ತ ಕೂತಿದ್ದೆ — ಹೌದು, ಕೂತಿದ್ದೆ. ಮೇಘಾ ಈಗ ಬೆಳಗಾವಿಯಲ್ಲಿ ನೌಕರಿ ಮಾಡುತ್ತಾಳೆ. ತಾಯಿಗೆ ಫೋನ್ ಮಾಡುವುದು ಹಬ್ಬಕ್ಕೊಮ್ಮೆ.

ಗಿರಿಜಾ ಇಂದಿಗೂ ನನ್ನ ಜೊತೆಗೇ ಸಿನೆಮಾಕ್ಕೆ ಬರುತ್ತಾಳೆ. ಕಳೆದ ವಾರ ಇಂಟರ್ವಲ್ಲಿನಲ್ಲಿ ಇದ್ದಕ್ಕಿದ್ದಂತೆ ಅಂದಳು: “ಸುಧಾ ಹೇಳಿರಲಿಕ್ಕಿಲ್ಲ ಅನಸತೈತ್ರಿ ಅಕ್ಕಾರ. ಸಾಯೂ ಮುಂದ ಯಾರರ ಸುಳ್ಳ ಹೇಳತಾರೇನ್ರಿ?”

ದೀಪಗಳು ಆರಿದವು. “ಚಾಲೂ ಆತು, ನೋಡು,” ಎಂದೆ ನಾನು.

ಅಷ್ಟೇ ಎಂದೆ.

ಬಾಯಿಂದ ಹೇಳಲು ಹೋದರೆ ಮತ್ತೆ ಯಾವುದಾದರೂ ಜಾಣತನದ ಮಾತು ಸೇರಿಸಿಬಿಡುತ್ತೇನೆ, ಅದಕ್ಕೆ ಬರೆದಿದ್ದೇನೆ. ನಾಳೆ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಈ ಹಾಳೆಗಳನ್ನು ಗಿರಿಜಾಳ ಕೈಗೆ ಕೊಡುತ್ತೇನೆ. ಒಂದು ಪ್ರತಿ ಮೇಘಾಗೆ. ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಬೇಕಾಗಿದ್ದ ಸುಧಾ ಇಲ್ಲ. ಗಿರಿಜಾ ಕೂಡಿಸಿ ಕೂಡಿಸಿ ಓದುವವಳು, ಹೊತ್ತು ಹಿಡಿಯುತ್ತದೆ. ಓದಿ ಮುಗಿಸುವವರೆಗೂ ಅಲ್ಲೇ ಅವಳೆದುರು ನಿಂತಿರುತ್ತೇನೆ.