ಗರಿಕಡ್ಡಿಯ ಮೇಲಿದ್ದ ಸ್ವೆಟರು

ನಮ್ಮ ಸೀಮೆಯಲ್ಲಿ ಚಳಿಗೆ ಮರ್ಯಾದೆ ಕಡಿಮೆ. ಮಳೆಗೆ ಕೈಮುಗಿಯುತ್ತೇವೆ, ಬಿಸಿಲನ್ನು ಬೈಯುತ್ತೇವೆ. ಚಳಿಯನ್ನು ಮಾತ್ರ, ಹೇಗೂ ಶಿವರಾತ್ರಿಗೆ ಶಿವಶಿವಾ ಎಂದು ಹೊರಟುಹೋಗುವ ನೆಂಟನಿಗೆ ಉಪಚಾರವೇಕೆ ಎಂಬಂತೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಡುತ್ತೇವೆ. ಧನುರ್ಮಾಸದ ಬೆಳಗ್ಗೆ, ತೋಟದ ತೆಂಗಿನ ಮರಗಳ ತಲೆಗಳೆಲ್ಲ ಮಂಜಿನಲ್ಲಿ ಮಾಯವಾಗಿ ಬರೀ ಕಂಬಗಳು ಉಳಿದಿರುವ ಹೊತ್ತಿನಲ್ಲಿ, ಮಂಕಿಟೋಪಿ, ಮಫ್ಲರು, ಒಂದರ ಮೇಲೊಂದು ಅಂಗಿ ತೊಟ್ಟು ಡೈರಿಗೆ ಹಾಲು ತಂದವನನ್ನು 'ಚಳಿಯೇ?' ಎಂದು ಕೇಳಿ ನೋಡಿ. ಹಲ್ಲು ಕಟಕಟಿಸುತ್ತಲೇ 'ಇಲ್ಲ, ಇಬ್ಬನಿ' ಎನ್ನುತ್ತಾನೆ. ತಿಪಟೂರಿನಿಂದ ತುರುವೇಕೆರೆಯವರೆಗೆ, ಚಿಕ್ಕನಾಯಕನಹಳ್ಳಿಯನ್ನೂ ಸೇರಿಸಿಕೊಂಡು, ಚಳಿಯಾಗುತ್ತಿದೆ ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನಂತೂ ಕಂಡಿರಲಿಲ್ಲ.

ಹಾಗೆಂದು ಚಳಿಯ ವಿರುದ್ಧ ನಮ್ಮಲ್ಲಿ ಸನ್ನಾಹವೇ ಇಲ್ಲವೆಂದಲ್ಲ. ಬಚ್ಚಲ ಹಂಡೆಯ ಕೆಳಗೆ ಸುಲಿದ ಕಾಯಿಯ ಮಟ್ಟೆ ಬೆಳಗಿನಿಂದಲೇ ಹೊಗೆಯಾಡುತ್ತಿರುತ್ತದೆ. ಆ ಒಲೆಯ ಮುಂದೆ ನೀರು ಕಾಯಿತೇ ಎಂದು ನೋಡುವ ನೆಪದಲ್ಲಿ ಮನೆಮಂದಿಯೆಲ್ಲ ಸರದಿಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತೇವೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನಾನು, ಶಾಖಪ್ರಸರಣದ ಮೂರು ವಿಧಗಳನ್ನು ನಿವೃತ್ತಿಯವರೆಗೂ ಹಲಗೆಯ ಮೇಲೆ ಬರೆದು ಒರೆಸಿದವನು, ಅವು ಮೂರೂ ಒಟ್ಟಿಗೆ ಮೈಗೆ ತಾಗುವ ಜಾಗ ನಮ್ಮ ಬಚ್ಚಲ ಒಲೆಯ ಬಾಯಿ ಎಂಬುದನ್ನು ಈಗ ಬಿಡುವಾಗಿ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಹಳೆಯ ಶಿಷ್ಯನೊಬ್ಬ ಉತ್ತರದ ಗಡಿಯಿಂದ ಹಿಮ ಬೀಳುವ ವಿಡಿಯೋ ಕಳಿಸಿದ್ದ. ಅವ್ವನಿಗೆ ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡಿ, ಇಷ್ಟೊಂದು ಹತ್ತಿಯನ್ನು ಯಾರಾದರೂ ನೆಲದ ಮೇಲೆ ಹರವುತ್ತಾರೆಯೇ ಎಂದು ಆಕ್ಷೇಪಿಸಿದಳು.

ಈ ಅವ್ವನ ವಿಷಯ ಸ್ವಲ್ಪ ಹೇಳಬೇಕು. ಅವಳ ತವರು ಹುಳಿಯಾರಿನ ಆಚೆಗಿನ ಒಂದು ಹಳ್ಳಿ. ತೆಂಗಿಗಿಂತ ಕುರಿಮಂದೆ ಹೆಚ್ಚು ಕಾಣುವ ಒಣಸೀಮೆ. ಅಲ್ಲಿಂದ ಬಂದ ಕರಿಕಂಬಳಿಯೊಂದು ಅವಳ ಬಳಿ ಇದೆ. ಅದರ ತೂಕ ಒಂದು ಎಳೆಗರುವಿನಷ್ಟು, ವಾಸನೆ ಇಡೀ ಮಂದೆಯಷ್ಟು. ಅದನ್ನು ಹೊದ್ದವರ ಹತ್ತಿರ ಚಳಿಯಿರಲಿ, ಸೊಳ್ಳೆಯೂ ಸುಳಿಯುವುದಿಲ್ಲ. ಅವ್ವನ ವಸ್ತ್ರಮೀಮಾಂಸೆ ಸರಳವಾದದ್ದು: ನೇಯ್ದದ್ದು ಬಟ್ಟೆ, ಹೆಣೆದದ್ದು ತೂತು. ಆದ್ದರಿಂದ ಸ್ವೆಟರೆಂಬುದು ಅವಳ ದೃಷ್ಟಿಯಲ್ಲಿ ಉಣ್ಣೆಯಿಂದ ಮಾಡಿದ ಜರಡಿ.

ವಿಧಿಯ ವಿನೋದವೆಂದರೆ ಇಂಥ ಅತ್ತೆಗೆ ಸಿಕ್ಕ ಸೊಸೆ ನನ್ನ ಹೆಂಡತಿ ಸರೋಜ. ದೀಪಾವಳಿಯ ಪಟಾಕಿ ಸದ್ದಡಗಿದ ಮರುದಿನವೇ ಇವಳ ಕೈಗೆ ಹೆಣಿಗೆಯ ಕಡ್ಡಿ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೂ ಬಹಳ ದಿನ ಕೆಳಗಿಳಿಯುವುದಿಲ್ಲ. ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕಲಿತ ವಿದ್ಯೆಯನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಂಡ ಇನ್ನೊಬ್ಬರಿದ್ದಾರೆಂದು ನಾನು ನಂಬಲಾರೆ. ನೆಂಟರಿಷ್ಟರ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಇವಳ ಟೊಪ್ಪಿಗೆಯಲ್ಲೇ ಮೊದಲ ಫೋಟೋ ತೆಗೆಸಿಕೊಂಡಿವೆ. ಈ ಮಹಾಯಜ್ಞದಲ್ಲಿ ನನ್ನ ಪಾತ್ರ ಗೂಟದ್ದು. ಅಂಗಡಿಯಿಂದ ಬಂದ ಉಣ್ಣೆಯ ಲಡಿಯನ್ನು ನನ್ನ ಎರಡೂ ಮುಂಗೈಗಳಿಗೆ ಸಿಕ್ಕಿಸಿ, ಅವಳು ಎದುರಿಗೆ ಕುಳಿತು ಉಂಡೆ ಸುತ್ತುವಳು. ಕೈಕಟ್ಟಿಸಿಕೊಂಡ ಕಳ್ಳನಂತೆ ಕುಳಿತ ನಾನು ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಸರೋಜ ಅತ್ತೆಗೊಂದು ಸ್ವೆಟರು ಹೆಣೆದಿದ್ದಳು. ಅವ್ವ ಅದನ್ನು ಬೆಳಕಿಗೆ ಹಿಡಿದು, ಅದರ ಮೂಲಕ ನಮ್ಮ ಮನೆಯ ಹಿತ್ತಲನ್ನು ನೋಡಿ, ಮಡಿಸಿ ಹಿಂದಕ್ಕೆ ಕೊಟ್ಟಳು. ಬೈಯಲಿಲ್ಲ, ಆಡಿಕೊಳ್ಳಲಿಲ್ಲ, ನೋಡಿದಳು, ಕೊಟ್ಟಳು. ಅಂದಿನಿಂದ ಅವರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿದ್ದಾರೆ, ಒಬ್ಬರ ಜ್ವರಕ್ಕೆ ಇನ್ನೊಬ್ಬರು ಗಂಜಿ ಕಾಸಿದ್ದಾರೆ, ನನ್ನನ್ನು ಬೈಯಬೇಕಾದಾಗ ಒಗ್ಗಟ್ಟಾಗಿದ್ದಾರೆ. ಆದರೆ ಉಣ್ಣೆಯ ಮಾತು ಮಾತ್ರ ಅವರ ನಡುವೆ ಮತ್ತೆ ಬಂದಿರಲಿಲ್ಲ.

ಈ ಸಲದ ಚಳಿಗಾಲದ ಹೊತ್ತಿಗೆ ಅವ್ವ ಬಹಳ ಇಳಿದುಹೋಗಿದ್ದಳು. ಕೆಮ್ಮು ಬಂದರೆ ಇಡೀ ಮೈ ಅಲ್ಲಾಡುತ್ತಿತ್ತು. ಕಂಬಳಿಯೊಳಗೆ ಅವಳೆಲ್ಲಿದ್ದಾಳೆಂದು ಹುಡುಕಬೇಕಾಗುತ್ತಿತ್ತು. ಸ್ವೆಟರಿನ ಮಾತೆತ್ತಿದರೆ ಕಡ್ಡಿ ಮುರಿದ ಹಾಗೆ ಬೇಡವೆನ್ನುತ್ತಾಳೆಂದು ನಮ್ಮಿಬ್ಬರಿಗೂ ಗೊತ್ತು. ಸರೋಜ ಒಂದು ಉಪಾಯ ಹೂಡಿದಳು. ತಂತಿಯ ಮೇಲೆ ಒಣಗುತ್ತಿದ್ದ ಅವ್ವನ ರವಿಕೆಯನ್ನು ಗೇಣು ಹಾಕಿ ಅಳೆದುಕೊಂಡಳು. ಆಗಷ್ಟೇ ಬಿರಿದ ಹೊಂಬಾಳೆಯ ಬಣ್ಣದ ಮೆತ್ತನೆಯ ಉಣ್ಣೆ ತರಿಸಿದಳು. ಸಂಪಿಗೆ ಊರಿನಲ್ಲಿರುವ ತನ್ನ ತಂಗಿಗೆ ಹೆಣೆಯುತ್ತಿರುವುದಾಗಿ ಸುಳ್ಳು ಹೇಳಿದಳು. ಮೊದಲು ಮುಗಿಯಲಿ, ಒಂದು ದಿನ ಕೆಮ್ಮು ಜೋರಾದಾಗ ನಾನೇ ತೊಡಿಸಿಬಿಡುತ್ತೇನೆ, ಆಗ ಬೆಳಕಿಗೆ ಹಿಡಿದು ನೋಡುವಷ್ಟು ಪುರುಸೊತ್ತು ಇರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ನನ್ನ ಮಟ್ಟಿಗೆ ಆ ಲೆಕ್ಕದಲ್ಲಿ ಧೈರ್ಯ ಹೆಚ್ಚು, ಭರವಸೆ ಕಡಿಮೆ ಇತ್ತು. ಇನ್ನೊಮ್ಮೆ ಮಡಿಸಿ ವಾಪಸು ಕೊಟ್ಟರೆ ಸರೋಜ ತಡೆದುಕೊಳ್ಳುವಳೇ ಎಂಬುದೇ ನನ್ನ ಚಿಂತೆ. ಅವ್ವನಾದರೋ ಒಂದು ದಿನ ಹಾದುಹೋಗುತ್ತ ಅದರ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಬಣ್ಣ ಚೆನ್ನಾಗಿದೆ, ತೂತು ಜಾಸ್ತಿ ಎಂದು ತೀರ್ಪಿತ್ತಳು.

ಇಲ್ಲಿ ತೆಂಗಿನ ಗರಿಯ ಕಡ್ಡಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಗರಿಯನ್ನು ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುವುದು ಹೆಸರಿಗೆ ಮಾತ್ರ. ಕಟ್ಟಿದ ಮರುಗಳಿಗೆಯಿಂದ ಆ ಪೊರಕೆ ಊರೊಟ್ಟಿನ ಆಸ್ತಿ. ಊಟದೆಲೆ ಹಚ್ಚಲು ಒಂದು ಕಡ್ಡಿ, ಸ್ಟವ್ವಿನ ಬರ್ನರು ಬಿಡಿಸಲು ಒಂದು, ನಾಲಗೆ ಹೆರೆಯಲು ಒಂದು, ಇಡ್ಲಿ ಬೆಂದಿದೆಯೇ ಚುಚ್ಚಿ ನೋಡಲು ಒಂದು, ಮಕ್ಕಳನ್ನು ಹೆದರಿಸಲು ಒಂದು. ಕಡ್ಡಿ ಎಲ್ಲಿ ಕಂಡರೂ ಹಿರಿಯುವ ಹಕ್ಕು ನಮಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮ ಮನೆಯ ಪೊರಕೆಗಳು ಗುಡಿಸಿ ಸವೆದದ್ದಿಲ್ಲ, ಹೀಗೆ ಒಂದೊಂದಾಗಿ ಕಳೆದುಹೋದದ್ದೇ ಎಲ್ಲ.

ಸ್ವೆಟರಿನ ಮುಂಭಾಗ ಕೊರಳಿನವರೆಗೆ ಬಂದಿತ್ತು. ಆಮೇಲೆ ತೋಳು ಶುರುಮಾಡಬೇಕು, ಅದಕ್ಕೂ ಅದೇ ಅಳತೆಯ ಲೋಹದ ಕಡ್ಡಿಗಳು ಬೇಕು. ಇನ್ನೊಂದು ಜೊತೆ ಕೊಳ್ಳುವುದರ ಬದಲು ಸರೋಜ, ಕೊರಳಿನ ಕುಣಿಕೆಗಳನ್ನೆಲ್ಲ ನುಣ್ಣಗೆ ಹೆರೆದ ಒಂದು ಗರಿಕಡ್ಡಿಗೆ ಏರಿಸಿ, ಬಿಡುವಾದಾಗ ಮುಂದುವರಿಸಿದರಾಯಿತೆಂದು ದೇವರ ಗೂಡಿನ ಪಕ್ಕದ ಕುರ್ಚಿಯ ಮೇಲಿಟ್ಟಳು. ಈ ಆವಿಷ್ಕಾರವನ್ನು ನನಗೆ ತೋರಿಸಿ ಹೆಮ್ಮೆಪಟ್ಟಳು, ನಾನು ತಲೆದೂಗಿದೆ. ಭೌತಶಾಸ್ತ್ರ ಹೇಳಿದ ನನಗಾಗಲಿ, ಹೆಣಿಗೆ ಬಲ್ಲ ಅವಳಿಗಾಗಲಿ ಮುಂದಿನದು ಹೊಳೆಯಲಿಲ್ಲ.

ಒಂದು ಬೆಳಗ್ಗೆ ಸರೋಜ ಬಚ್ಚಲಿನಲ್ಲಿದ್ದಳು, ನಾನು ಹೊರಗೆ ಒಲೆಯ ಬಾಯಲ್ಲಿ ಶಾಖಪ್ರಸರಣದಲ್ಲಿ ಮಗ್ನನಾಗಿದ್ದೆ. ಅವ್ವ ದೀಪ ಹಚ್ಚಲು ಹೋದಳು. ಬತ್ತಿ ಎಣ್ಣೆಯೊಳಗೆ ಮುಳುಗಿತ್ತು, ಅದನ್ನು ಮುಂದಕ್ಕೆ ತಳ್ಳಲು ಒಂದು ಕಡ್ಡಿ ಬೇಕು. ಪಕ್ಕದಲ್ಲೇ ಇತ್ತು. ಹಿರಿದಳು, ಬತ್ತಿ ತಳ್ಳಿದಳು, ದೀಪ ಹಚ್ಚಿ ಕೈಮುಗಿದಳು. ತಿರುಗಿದಾಗ ಸ್ವೆಟರಿನಿಂದ ಒಂದು ಎಳೆ ಜೋತಾಡುವುದು ಕಂಡಿತು. ಜೋತಾಡುವ ಎಳೆಯನ್ನು ಹಾಗೇ ಬಿಡುವ ಜಾಯಮಾನ ಅವಳದಲ್ಲ, ಕಿತ್ತುಹಾಕೋಣವೆಂದು ಎಳೆದಳು. ಅದು ತುಂಡಾಗಲಿಲ್ಲ, ಬಂತು. ಇನ್ನಷ್ಟು ಎಳೆದರೆ ಇನ್ನಷ್ಟು ಬಂತು. ನೂಲು ನೆಲಕ್ಕೆ ಬಿದ್ದು ಹಾಳಾಗಬಾರದೆಂದು ಕಾಳಜಿಯಿಂದ ಸುತ್ತುತ್ತ ಕುಳಿತಳು. ಸರೋಜ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬರುವ ಹೊತ್ತಿಗೆ ಅವ್ವನ ತೊಡೆಯ ಮೇಲೆ ಒಂದು ಎಳೆಯೂ ಸಡಿಲವಿಲ್ಲದ, ಎಳನೀರಿನ ಗಾತ್ರದ ಮುದ್ದಾದ ಉಂಡೆಯಿತ್ತು. ಕುರ್ಚಿಯ ಮೇಲೆ ಹೊಟ್ಟೆಯ ಮಟ್ಟದವರೆಗಿನ ಸ್ವೆಟರಿತ್ತು.

ಬಿಕ್ಕುವ ಸದ್ದು ಕೇಳಿ ನಾನು ಓಡಿಬಂದೆ. ಸರೋಜ ಸ್ವಭಾವತಃ ಅಳುವವಳಲ್ಲ. ಆದರೆ ಆವತ್ತು ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು, ಉಳಿದ ಅರ್ಧವನ್ನು ಮಡಿಲಿಗೆಳೆದುಕೊಂಡು ಅತ್ತಳು. ಅವ್ವ ಗಾಬರಿಯಾಗಿ, ನಿನ್ನ ತಂಗಿಗೆ ನಾನೇ ಸಮಾಧಾನ ಹೇಳುತ್ತೇನೆ, ಅವಳೇನು ಸ್ವೆಟರಿಲ್ಲದೆ ಸಾಯುತ್ತಾಳೆಯೇ ಎಂದು ಏನೇನೋ ಅಂದಳು.

"ತಂಗೀದಲ್ಲ ಅತ್ತೆ," ಅಂದಳು ಸರೋಜ. "ನಿಮ್ದೇ ಅದು."

ಅವ್ವ ಉಂಡೆಯನ್ನು ನೋಡಿದಳು, ಸ್ವೆಟರನ್ನು ನೋಡಿದಳು. "ಮೊದ್ಲೇ ಹೇಳ್‌ಬಾರ್ದಿತ್ತಾ?"

"ಹೇಳಿದ್ರೆ ಹಾಕ್ಕಂತಿದ್ರಾ?"

"ಇಲ್ಲ," ಅಂದಳು ಅವ್ವ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಆಮೇಲೆ ಅವ್ವ ಆ ಉಂಡೆಯನ್ನು ಸವರುತ್ತ, ನಮ್ಮಿಬ್ಬರನ್ನೂ ನೋಡದೆ ಹೇಳಿದಳು: "ಈಗಾದ್ರೆ ಹಾಕ್ಕಂತೀನಿ. ಕಂಬ್ಳಿ ಭಾರ ಆಗೈತೆ ಕಣೇ. ಹೊದ್ಕಂಡ್ರೆ ಎದೆ ಮ್ಯಾಲೆ ಯಾರೋ ಕುಂತಂಗಾಯ್ತದೆ. ತವರಿಂದು, ಬ್ಯಾಡ ಅನ್ನಾಕಾಯ್ತದಾ ಅಂತ ಸುಮ್ಕಿದ್ದೆ. ಅದಿದ್ರೂ ಚಳಿ ತಡಿಯಾಕಾಗಲ್ಲ."

ಚಳಿ ಎಂಬ ಶಬ್ದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಮ್ಮ ಕಣ್ಣೆದುರಿಗೇ, ನಮ್ಮ ಮನೆಯ ನಡುವೆಯೇ, ಒಂದು ಜೀವ ಹೊರಲಾರದ ಭಾರದ ಕೆಳಗೆ ನಡುಗುತ್ತ ಮಲಗಿದ್ದು ನಮಗೆ ಗೊತ್ತಾಗಬೇಕಾದರೆ ಒಂದು ಸ್ವೆಟರು ಬಿಚ್ಚಬೇಕಾಯಿತು. ಬೆಚ್ಚಗಿರುವುದಕ್ಕೆ ಉಣ್ಣೆ ಬೇಕು, ಬೆಂಕಿ ಬೇಕು, ನಿಜ. ಅದಕ್ಕೂ ಮುಂಚೆ ಚಳಿಯಾಗುತ್ತಿದೆಯೆಂದು ಒಬ್ಬರ ಹತ್ತಿರವಾದರೂ ಬಾಯಿಬಿಡಬೇಕು. ಆ ಅಧ್ಯಾಯ ನಮ್ಮ ಪಠ್ಯದಲ್ಲಿರಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. ಗುಟ್ಟು ಬಯಲಾದ ಮೇಲೆ ಅಳತೆಗೆ ರವಿಕೆಯ ಹಂಗಿಲ್ಲ. ಅತ್ತೆಯನ್ನೇ ಎದುರಿಗೆ ಕೂರಿಸಿಕೊಂಡು ಸರೋಜ ಹೆಣೆದಳು. ಅವ್ವನೋ, ಇಷ್ಟು ವರ್ಷ ಸೊಸೆಯ ಹತ್ತಿರ ಏನನ್ನೂ ಕೇಳದವಳು, ಒಮ್ಮೆಗೇ ಎಲ್ಲ ಕೇಳಲು ಶುರುಮಾಡಿದಳು: ಕೊರಳು ಎತ್ತರವಿರಲಿ, ತೋಳು ಬೆರಳು ಮುಚ್ಚುವಂತಿರಲಿ, ಎಲೆಅಡಿಕೆಗೆ ಒಂದು ಜೇಬಿರಲಿ. ಎಲೆಅಡಿಕೆಯ ಜೇಬುಳ್ಳ ಸ್ವೆಟರು ಜಗತ್ತಿನಲ್ಲಿ ಇನ್ನೊಂದಿದೆಯೋ ಇಲ್ಲವೋ ತಿಳಿಯದು. ಸರೋಜ ಗೊಣಗಿದಳು, ಗೊಣಗುತ್ತ ಜೇಬನ್ನೂ ಹೆಣೆದಳು. ಅವಳು ಅಷ್ಟು ಖುಷಿಯಾಗಿ ಗೊಣಗಿದ್ದನ್ನು ನಾನು ನೋಡಿರಲಿಲ್ಲ.

ಸಂಕ್ರಾಂತಿಗೆ ಮೊದಲೇ ಅದು ಮುಗಿಯಿತು. ಜಗಲಿಯ ಎಳೆಬಿಸಿಲಿನಲ್ಲಿ ಸರೋಜ ತಾನೇ ತೊಡಿಸಿ ಕೊರಳ ಗುಂಡಿ ಹಾಕುತ್ತಿದ್ದಾಗ ಅವ್ವ ಆ ಕೈಗಳನ್ನು ಹಿಡಿದುಕೊಂಡಳು.

"ಎಷ್ಟ್ ತಣ್ಣಗವೆ ನಿನ್ ಕೈ. ಎಲ್ಲಾರ್ಗೂ ಹೆಣಿತೀಯ, ನಿಂದೆಲ್ಲೇ ಸ್ವೆಟ್ರು?"

ಸರೋಜ ನಕ್ಕು, ಕೈ ಬಿಡಿಸಿಕೊಂಡು ಗುಂಡಿ ಹಾಕಿ ಮುಗಿಸಿದಳು. ಉತ್ತರ ಹೇಳಬೇಕಾಗಿದ್ದ ಮನುಷ್ಯ, ಅವಳು ಹೆಣೆದ ಮಫ್ಲರು, ಸ್ವೆಟರು, ಕಾಲುಚೀಲಗಳೊಳಗೆ ಬೆಚ್ಚಗೆ ನಿಂತು ತೋಟದ ಕಡೆ ನೋಡುತ್ತಿದ್ದ.

ಆವತ್ತೇ ಉಣ್ಣೆ ತರಲು ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಯಾರ ಅಳತೆಗೆ ಬೇಕು ಎಂದು ಅಂಗಡಿಯವರು ಕೇಳಿದಾಗ, ಇಷ್ಟು ಕಾಲ ಜೊತೆಗೆ ಬಾಳಿದವನು ಗಾಳಿಯಲ್ಲಿ ಎರಡು ಕೈ ಚಾಚಿ, ಹಿಗ್ಗಿಸಿ ಕುಗ್ಗಿಸಿ, ಕೊನೆಗೆ ಅವರ ನಗುವಿಗೆ ಸೋತು ಒಂದು ಲಡಿ ಹೆಚ್ಚೇ ತಂದೆ. ಜಗಲಿಯ ಮೇಲೆ ಎಂದಿನಂತೆ ಮುಂಗೈ ಚಾಚಿ ಕುಳಿತೆ. ಸರೋಜ ಎದುರಿಗೆ ಬರುವಷ್ಟರಲ್ಲಿ ಅವ್ವ ಅವಳನ್ನು ಪಕ್ಕಕ್ಕೆ ಸರಿಸಿದಳು.

"ನೀ ಕುಂತ್ಕ ಬುಡು. ಉಂಡೆ ನಾನ್ ಸುತ್ತೀನಿ. ಅದ್ ನಂಗೆ ಚೆಂದಾಗಿ ಬತ್ತದೆ."