ದೇವೀರಮ್ಮ ಹೆದರಿದ ಹಲ್ಲು

ಹೆಮ್ಮಿಗೆಯ ದಿಬ್ಬದಲ್ಲಿ ಹಳೇ ಕಾಲದವರ ಮೂಳೆ ಅಗೆಯುವ ಕೆಲಸಕ್ಕೆ ಮೂರು ವರ್ಷದಿಂದ ಬರುವ ಹೆಂಗಸರಲ್ಲಿ ದೇವೀರಮ್ಮನಷ್ಟು ನಾಜೂಕು ಕೈ ಇನ್ನೊಬ್ಬರದಿಲ್ಲ. ಮಣ್ಣು ಕೆರೆಯುವಾಗ ಉಸಿರನ್ನೂ ಮೆಲ್ಲಗೆ ಬಿಡುತ್ತಾಳೆ. ಐವತ್ತೆರಡರ ವಿಧವೆ, ಯಾರ ತಂಟೆಗೂ ಹೋದವಳಲ್ಲ. ನಾನು ಇದೇ ಊರಿನ ನಿವೃತ್ತ ಮೇಷ್ಟ್ರು. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ಮಾತ್ರ ಇನ್ನೂ ಬಿಟ್ಟಿಲ್ಲ. ಎಲ್ಲ ಕೆಟ್ಟಿದ್ದು ಅದರಿಂದಲೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಗೆತ ನಡೆಸುವವರು ನಂದಿತಾ ಮೇಡಂ. ಊಟದ ಹೊತ್ತಿಗೆ ಕೂಲಿಯವರನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ. ಮಗು ಕುಡಿಯುವ ನೀರಲ್ಲಿ, ತಿನ್ನುವ ಅನ್ನದಲ್ಲಿ ಆ ನೆಲದ ಕಲ್ಲಿನ ಸಾರ ಇರುತ್ತದೆ, ಅದು ಬೆಳೆಯುವ ಹಲ್ಲಿಗೆ ಸೇರಿಬಿಡುತ್ತದೆ. ಮೂಳೆ ವರ್ಷ ಕಳೆದಂತೆ ಬದಲಾಗುತ್ತದೆ, ಹಲ್ಲು ಬದಲಾಗುವುದಿಲ್ಲ. ಮೂರು ಸಾವಿರ ವರ್ಷವಾದರೂ ಲ್ಯಾಬಿಗೆ ಕಳಿಸಿದರೆ ಇವನು ಇಲ್ಲಿಯವನೋ, ಬೇರೆ ಸೀಮೆಯಿಂದ ಬಂದವನೋ ಗೊತ್ತಾಗುತ್ತದೆ.

ಹೋಲಿಸಿ ನೋಡಲು ಈ ಕಾಲದ, ಇಲ್ಲೇ ಹುಟ್ಟಿ ಬೆಳೆದವರ ಹಲ್ಲೂ ಬೇಕು ಅಂದರು. ದೇವೀರಮ್ಮನ ಒಬ್ಬಳೇ ಮಗಳು ರಾಣಿ, ನರಸೀಪುರದಲ್ಲಿ ಕೀಳಿಸಿಕೊಂಡಿದ್ದ ಕೊನೇ ದವಡೆ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ತಂದುಕೊಟ್ಟಳು. ಇಪ್ಪತ್ತೆರಡರ ಹುಡುಗಿ, ತಾಂಡ್ಯದ ಫ್ಯಾಕ್ಟರಿಗೆ ಬಸ್ಸಲ್ಲಿ ಹೋಗಿಬರುವವಳು. ಫಾರಂನಲ್ಲಿ ಹುಟ್ಟಿದ್ದು ತಾಂಡ್ಯ, ಬೆಳೆದದ್ದು ಹೆಮ್ಮಿಗೆ ಎಂದು ತಾನೇ ಬರೆದು ಸೈನ್ ಹಾಕಿದಳು. ಡಬ್ಬಿಗೆ ಚೀಟಿ ಅಂಟಿಸಿದವನು ನಾನೇ.

ಹಲ್ಲು ಕೊಟ್ಟ ವಿಷಯ ಮಗಳ ಬಾಯಿಂದ ತಿಳಿದ ದಿನದಿಂದ ದೇವೀರಮ್ಮನ ಕೆಲಸ ಹದ ತಪ್ಪಿತು. ಬ್ರಷ್ ತಾಗಿಸಿ ಹಳೇ ದವಡೆಯೊಂದನ್ನು ಮುರಿದಳು. ಅನ್ನ ಮುಟ್ಟುತ್ತಿರಲಿಲ್ಲ, ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದಳು. ಮೂರನೇ ದಿನ ಎಲ್ಲರೂ ಊಟಕ್ಕೆ ಕೂತಾಗ ನಾನು ಮರೆತ ಕನ್ನಡಕಕ್ಕೆಂದು ಶೆಡ್ಡಿಗೆ ಬಂದರೆ, ಅವಳು ಮಗಳ ಡಬ್ಬಿ ಹಿಡಿದು ನಿಂತಿದ್ದಳು. ಮುಚ್ಚಳ ತೆಗೆಯಲು ಹೆಣಗುತ್ತಿದ್ದಳು.

"ಏನಮ್ಮ ಇದು?" ಅಂದೆ, ಸ್ವಲ್ಪ ಜೋರಾಗೇ.

ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡಳು. "ನಿಮ್ಮ ಕಾಲಿಗೆ ಬೀಳ್ತೀನಿ ಮೇಷ್ಟ್ರೇ, ಇದ ಕಳಿಸ್ಬ್ಯಾಡಿ. ಈ ಅಲ್ಲು ಎಲ್ಲಾನೂ ಯೋಳ್ಬುಡ್ತದೆ. ರಾಣಿ ನನ್ನೊಟ್ಟೇಲಿ ಉಟ್ಟಿದ್ದಲ್ಲ."

ತಾಂಡ್ಯದಲ್ಲಿ ಫ್ಯಾಕ್ಟರಿ ಕಟ್ಟುವಾಗ ಅವಳೂ ಗಂಡ ಜವರಯ್ಯನೂ ಅಲ್ಲಿ ಗಾರೆ ಕೆಲಸಕ್ಕಿದ್ದರು. ಪಕ್ಕದ ಜೋಪಡಿಯಲ್ಲಿ ಕಲಬುರಗಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಜ್ವರದಲ್ಲಿ ಸತ್ತಳು. ಅವಳ ಗಂಡ, ತಮ್ಮ ಸೀಮೆಯಲ್ಲೇ ಹುಟ್ಟಿದ್ದ ಒಂದೂವರೆ ವರ್ಷದ ಕೂಸನ್ನು ಇವಳ ಮಡಿಲಿಗೆ ಹಾಕಿ, ಬರುತ್ತೇನೆಂದು ಹೋದವನು ಬರಲೇ ಇಲ್ಲ. ಎರಡು ವರ್ಷ ಕಾದು ಇವರು ಮಗುವಿನೊಂದಿಗೆ ಹೆಮ್ಮಿಗೆಗೆ ಬಂದರು, ಹೆರಿಗೆ ತಾಂಡ್ಯದಲ್ಲೇ ಆಯಿತು ಅಂದರು. ಊರು ನಂಬಿತು. ಶಾಲೆಗೆ ಸೇರಿಸಿಕೊಂಡ ನಾನೂ ನಂಬಿದ್ದೆ.

"ಚಿಕ್ಕೋಳಿದ್ದಾಗ ಬಿದ್ದ ಅಲ್ಲೆಲ್ಲ ಸಗಣೀಲಿ ಸುತ್ತಿ ಎಂಚಿನ ಮ್ಯಾಕೆ ಎಸ್ದಿದ್ದೆ. ಇದೊಂದು ನಿಮ್ಮ ಡಬ್ಬಿಗೆ ಬಂದು ಕೂತದೆ. ಆ ಸೀಮೆ ನೀರು ಕುಡ್ದದಲ್ವಾ ಅದು. ಗೊತ್ತಾದ್ರೆ ನನ್ನ ಬುಟ್ಟು ಓಯ್ತಾಳೆ."

ನನಗೂ ಭಯವಾಯಿತು. ಹಲ್ಲು ಕಾಣೆಯಾದರೆ ಅವಳ ಕೂಲಿಯೂ ಹೋಗುತ್ತದೆ, ರಾಣಿಯೂ ಏಕೆ ಏನು ಎಂದು ಕೇಳದೆ ಬಿಡುವವಳಲ್ಲ. ಆಗ ನನ್ನ ಮೇಷ್ಟ್ರುತನ ಎದ್ದು ಕೂತಿತು. "ಲ್ಯಾಬಿನ ಕಾಗದ ಹೇಳೋ ಮುಂಚೆ ನೀನೇ ಹೇಳಿಬಿಡಮ್ಮ. ಬೇರೆಯವರಿಂದ ತಿಳಿದರೆ ಜನ್ಮದಲ್ಲಿ ಕ್ಷಮಿಸೋದಿಲ್ಲ" ಅಂದೆ. ಅವಳು ತಲೆಯಾಡಿಸಿದಳು. ಅವತ್ತು ಸಂಜೆಯೇ ಮಗಳ ಮುಂದೆ ಕೂತು ಎಲ್ಲ ಹೇಳಿದಳು.

ರಾಣಿ ಅಳಲಿಲ್ಲ, ಕೂಗಾಡಲಿಲ್ಲ. ತಟ್ಟೆ ಸರಿಸಿ ಎದ್ದಳಂತೆ. ಮೂರನೇ ದಿನ ಫ್ಯಾಕ್ಟರಿಗೆ ರಜಾ ಹಾಕಿ ನೇರ ಶೆಡ್ಡಿಗೆ ಬಂದಳು. ಬಾಗಿಲ ಬಳಿ ಮೂಳೆ ಒರೆಸುತ್ತಿದ್ದ ದೇವೀರಮ್ಮನನ್ನು ದಾಟಿ ನಂದಿತಾ ಅವರ ಮುಂದೆ ನಿಂತಳು.

"ಮೇಡಂ, ನಾನು ಎಲ್ಲಿ ಹುಟ್ಟಿದ್ದು ಅಂತ ಆ ಹಲ್ಲಲ್ಲಿ ಗೊತ್ತಾಗುತ್ತಾ?"

"ಇಲ್ಲಮ್ಮ. ಕೊನೇ ದವಡೆ ಹಲ್ಲು ಒಳಗೆ ಕಟ್ಟಿಕೊಳ್ಳೋಕೆ ಶುರುವಾಗೋದೇ ಎಂಟು ವರ್ಷದ ಮೇಲೆ. ಅದರಲ್ಲಿರೋದು ಹೆಮ್ಮಿಗೆ ನೀರು ಮಾತ್ರ. ಲ್ಯಾಬಿನವರು ನಿನ್ನನ್ನ ಇದೇ ಊರಿನವಳು ಅಂತಾರೆ."

ದೇವೀರಮ್ಮ ಬ್ರಷ್ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಬೈದಿದ್ದರೆ ವಾಸಿಯಿತ್ತು. ಮೇಡಮ್ಮನವರನ್ನು ಒಂದು ಮಾತು ಕೇಳದೆ, ಎಲ್ಲ ಬಲ್ಲವನ ಹಾಗೆ ಬುದ್ಧಿ ಹೇಳಿ ಆ ಮನೆ ಒಡೆದಿದ್ದೆ.

ರಾಣಿ ಬಾಯಿ ತೆರೆದು ಬೆರಳಿಟ್ಟಳು. "ಮತ್ತೆ ಯಾವುದು ಹೇಳುತ್ತೆ?"

ಆ ಮನೆಯ ಗುಟ್ಟು ತಿಳಿಯದ ನಂದಿತಾ ತೋರಿಸಿದರು. "ಇದು, ಮೊದಲನೇ ದವಡೆ ಹಲ್ಲು. ಹುಟ್ಟಿದಾಗಿಂದ ಮೂರು ವರ್ಷದೊಳಗೆ ಆಗೋದು. ಆದ್ರೆ ಗಟ್ಟಿ ಹಲ್ಲನ್ನ ಯಾರಾದ್ರೂ ಕೀಳಿಸ್ತಾರಾ?"

"ನೋವು ಬಂದಾಗ ಕೀಳಿಸಿ ತಂದುಕೊಡ್ತೀನಿ" ಅಂದಳು ರಾಣಿ. ಹೋಗುವಾಗ ತಾಯಿಯ ಕಡೆ ನೋಡಲಿಲ್ಲ.

ಅದಾಗಿ ಐದು ತಿಂಗಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ದಿನಾ ಬೆಳಿಗ್ಗೆ ರಾಣಿ ಬಸ್ಸಿಗೆ ಹೊರಡುವಾಗ ದೇವೀರಮ್ಮ ಊಟದ ಡಬ್ಬಿ ಕೈಗಿಟ್ಟು ಕೇಳುತ್ತಾಳೆ.

"ಅಲ್ಲು ನೋಯ್ತದಾ ಮಗಾ?"

ಗೋಡೆಯ ಈಚೆ ನಾನೂ ಕಾಫಿ ಲೋಟ ಕೆಳಗಿಟ್ಟು ಕಿವಿಗೊಡುತ್ತೇನೆ. ಚಪ್ಪಲಿ ಮೆಟ್ಟುವ ಸದ್ದು ಕೇಳುತ್ತದೆ, ಆಮೇಲೆ ರಾಣಿಯ ಮಾತು.

"ಇನ್ನೂ ಇಲ್ಲ ಕಣವ್ವ."