ಗೆದ್ದಷ್ಟು ದಿನದ ನೆರೆಮನೆ

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಯಾರೂ ಉಳಿಯಲಿಲ್ಲ. ನಾನೊಬ್ಬಳು ಉಳಿದೆ, ಆದರೆ ಒಬ್ಬಳೇ ಇದ್ದಾಗ ಮಾತಾಡುವುದಾದರೂ ಯಾರ ಜೊತೆ? ಅಪ್ಪ ಗದಗದ ಕಡೆಯಿಂದ ಹೈದರಾಬಾದಿನ ಬಾಲಾನಗರದ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವರು. ಕೆಲಸದಲ್ಲಿದ್ದಾಗಲೇ ಅವರು ತೀರಿಹೋದದ್ದರಿಂದ ಅದೇ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಕೊಟ್ಟರು. ಹಗಲೆಲ್ಲ ಹಿಂದಿ, ತೆಲುಗು, ಸ್ವಲ್ಪ ಇಂಗ್ಲಿಷು. ನನ್ನ ಮದುವೆಯ ಮಾತು ಕೆಲವು ವರ್ಷ ನಡೆದು, ಯಾರೂ ನಿಲ್ಲಿಸದೆ ತಾನಾಗಿಯೇ ನಿಂತುಹೋಗಿತ್ತು.

ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ವರ್ಷಗಳು ಅವು. ಸಂಜೆಯಾದರೆ ನಮ್ಮ ರಸ್ತೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಬಿಳಿ ಬಸ್ಸುಗಳು ಓಡಾಡುತ್ತಿದ್ದವು. ಕಾರ್ಖಾನೆಯಲ್ಲಿ ಮಾತ್ರ ಜನ ಸ್ವಯಂ ನಿವೃತ್ತಿ ತೆಗೆದುಕೊಂಡು, ಮಕ್ಕಳು ಕೊಂಡ ಫ್ಲ್ಯಾಟುಗಳಿಗೆ ಹೊರಟಿದ್ದರು. ಕ್ವಾರ್ಟರ್ಸುಗಳು ಸಾಲುಸಾಲಾಗಿ ಖಾಲಿಯಾದವು. ನನ್ನ ಗೋಡೆಗೆ ಅಂಟಿಕೊಂಡಿದ್ದ ಮನೆಯಲ್ಲಿ ಮೊದಲು ಒಂದು ಒಡಿಯಾ ಸಂಸಾರವಿತ್ತು. ಅವರು ಹೋದ ಮೇಲೆ ಅಲ್ಲಿ ಪಾರಿವಾಳಗಳಷ್ಟೇ ಇದ್ದವು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಹೆಣ್ಣುಮಕ್ಕಳ ಫುಟ್‌ಬಾಲ್ ಕಪ್ಪೊಂದರ ಪಂದ್ಯಗಳು ನಮ್ಮ ಕಾಲನಿಯ ಮೈದಾನದಲ್ಲಿ ನಡೆಯುತ್ತವೆಂದು ಗೊತ್ತಾಯಿತು. ದೇಶದ ಎಲ್ಲ ಕಡೆಯಿಂದ ತಂಡಗಳು ಬರುತ್ತವೆ, ಖಾಲಿ ಕ್ವಾರ್ಟರ್ಸುಗಳಲ್ಲಿ ಅವರಿಗೆ ವಸತಿ ಎಂದರು. ಸುಣ್ಣ ಬಳಿಯುವವರು ಬಂದರು, ಪಾರಿವಾಳಗಳನ್ನು ಓಡಿಸಿದರು, ಲಾರಿಯಲ್ಲಿ ಕಬ್ಬಿಣದ ಮಂಚಗಳು ಬಂದವು. ಇದು ನಾಕೌಟ್, ಒಮ್ಮೆ ಸೋತರೆ ಮುಗಿಯಿತು, ಅದೇ ಸಂಜೆ ಅಥವಾ ಮರುದಿನ ಗಂಟುಮೂಟೆ ಕಟ್ಟಬೇಕು ಎಂದು ನಮ್ಮ ಸೂಪರ್‌ವೈಸರ್ ವಿವರಿಸಿದರು. ನಾನು ತಲೆಯಾಡಿಸಿದೆ. ಫುಟ್‌ಬಾಲನ್ನು ಕಾಲಲ್ಲಿ ಒದೆಯುತ್ತಾರೆ ಎಂಬುದಕ್ಕಿಂತ ಹೆಚ್ಚಿನದು ನನಗೆ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ನೀರು ಬರುವ ಹೊತ್ತಿನಲ್ಲಿ ಯಾರೋ ಬಾಗಿಲು ಬಡಿದರು. ಕೆಂಪು ಟೀಶರ್ಟ್ ಹಾಕಿಕೊಂಡ ಹುಡುಗಿಯೊಬ್ಬಳು ಬಕೆಟ್ ಹಿಡಿದು ನಿಂತಿದ್ದಳು. ತಡವರಿಸುತ್ತ ಹಿಂದಿಯಲ್ಲಿ, "ಆಂಟೀ, ಏಕ್ ಬಾಲ್ಟಿ ಪಾನಿ ಮಿಲೇಗಾ?" ಎಂದಳು. ನಾನು ಉತ್ತರ ಕೊಡುವಷ್ಟರಲ್ಲಿ ಹಿಂದೆ ನಿಂತಿದ್ದ ಇನ್ನೊಬ್ಬಳು ಪಿಸುಗುಟ್ಟಿದಳು: "ಎರಡ ಕೇಳ, ಒಂದ ಸಾಲಂಗಿಲ್ಲ."

"ಎರಡ ತಗೊಂಡ ಹೋಗ್ರಿ," ಎಂದೆ.

ಇಬ್ಬರೂ ನನ್ನ ಮುಖವನ್ನೇ ನೋಡಿದರು. "ನೀವು ನಮ್ಮ ಕಡಿಯವರ ಏನ್ರಿ?" ಎಂದು ಕೇಳಿದಳು ಮೊದಲನೆಯವಳು.

"ಹೌದವಾ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಆ ಮಾತನ್ನು ಬಾಯಿಬಿಟ್ಟು ಆಡಿ ಬಹಳ ಕಾಲವಾಗಿತ್ತು.

ಬೆಳಗಾವಿ ಕಡೆಯ ಒಂದು ಸಣ್ಣ ಕ್ಲಬ್ಬಿನ ತಂಡ ಅದು. ಒಬ್ಬ ಕೋಚ್, ಹುಡುಗಿಯರು, ಅವರ ಜೊತೆಗೆ ಮ್ಯಾನೇಜರ್ ಎಂದು ಬಂದಿದ್ದ ಶಾಲೆಯ ಟೀಚರ್. ಹುಡುಗಿಯರು ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನನ್ನ ವಯಸ್ಸಿನವರೇ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೈದಾನಕ್ಕೂ ಮನೆಗೂ ನಡುವೆ ಬಿರುಸಾಗಿ ಓಡಾಡುವವರು. ನೀರಿಗೆ ಥ್ಯಾಂಕ್ಸ್ ಹೇಳಲು ಬಂದವರು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತೇಬಿಟ್ಟರು. ಪಕ್ಕದ ಮನೆಯಲ್ಲಿ ಮಂಚ ಸಾಲದೆ ಅವರು ನೆಲದ ಮೇಲೆ ಮಲಗಿದ್ದರಂತೆ, ಸೊಂಟ ಹಿಡಿದುಕೊಂಡಿತ್ತು.

"ಇಲ್ಲೆ ಮಲಗಾಕ ಬರ್ರಿ," ಎಂದೆ. "ನಮ್ಮವ್ವನ ಮಂಚ ಖಾಲಿ ಐತಿ."

"ನಾ ಗೊರಕಿ ಹೊಡೀತೀನ್ರಿ ಮತ್ತ."

"ಹೊಡೀರಿ. ಮನ್ಯಾಗ ಸದ್ದ ಇಲ್ದ ಭಾಳ ದಿನಾ ಆತು."

ಅಂದಿನಿಂದ ಅಕ್ಕೋರು ನಮ್ಮ ಮನೆಯಲ್ಲೇ ಮಲಗತೊಡಗಿದರು. ಮೊದಲ ಪಂದ್ಯದಲ್ಲೇ ಸೋಲುತ್ತೇವೆಂದು ಎಲ್ಲರೂ ಲೆಕ್ಕ ಹಾಕಿದ್ದರಂತೆ. ಅದಕ್ಕೇ ಅಕ್ಕೋರು ಎರಡೇ ಸೀರೆ ತಂದಿದ್ದರು. ಆದರೆ ಹುಡುಗಿಯರು ಮೊದಲ ಪಂದ್ಯ ಗೆದ್ದರು. ಆ ಸಂಜೆ ಎದುರು ಸಾಲಿನಲ್ಲಿ ಸೋತ ತಂಡದವರು ಟೆಂಪೊಗೆ ಚೀಲಗಳನ್ನು ಏರಿಸುವುದನ್ನು ವರಾಂಡದಲ್ಲಿ ನಿಂತು ನೋಡಿದೆ. ಅವರು ಹೋದ ಮೇಲೆ ಆ ಮನೆಯ ದೀಪ ಹತ್ತಲಿಲ್ಲ. ನಾಕೌಟ್ ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು. ಪಕ್ಕದ ಮನೆಯಲ್ಲಿ ಹುಡುಗಿಯರು ಬಾಲ್ದಿ ಬಡಿದು ಹಾಡುತ್ತಿದ್ದರು. ಇವರು ಮುಂದಿನ ಪಂದ್ಯದವರೆಗೆ ಇರುತ್ತಾರೆ ಎಂದುಕೊಂಡೆ.

ಎರಡನೆಯ ಪಂದ್ಯವನ್ನೂ ಗೆದ್ದರು. ನಾನು ಸಹೋದ್ಯೋಗಿಯೊಬ್ಬಳ ಜೊತೆ ಶಿಫ್ಟ್ ಬದಲಾಯಿಸಿಕೊಂಡು ಮೂರನೆಯದನ್ನು ನೋಡಲು ಹೋದೆ. ಅವರು ಅದನ್ನೂ ಗೆದ್ದಾಗ ಕಾಲನಿಯಲ್ಲಿ ನಾಲ್ಕೇ ಮನೆಗಳಲ್ಲಿ ತಂಡಗಳು ಉಳಿದವು. ಬೆಳಿಗ್ಗೆ ಎದ್ದು ಅವರೆಲ್ಲರಿಗೂ ರೊಟ್ಟಿ ಬಡಿಯುತ್ತಿದ್ದೆ. ಕೋಚ್ ಸರ್ ಮೊದಲು ಗೊಣಗಿದರು, ಕ್ಯಾಂಟೀನಿನ ಸಾಂಬಾರು ಕಂಡ ಮೇಲೆ ಸುಮ್ಮನಾದರು. ಸಂಜೆ ಹುಡುಗಿಯರು ವರಾಂಡದಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಜಗಳವಾಡುತ್ತಿದ್ದರು. ಆ ಜಗಳ ಕೇಳುತ್ತ ತರಕಾರಿ ಹೆಚ್ಚುವುದು ನನಗೆ ಹಿತವಾಗಿತ್ತು. ಅಕ್ಕೋರು ಮಾತ್ರ ಗೆದ್ದಷ್ಟೂ ಸಪ್ಪಗಾಗುತ್ತಿದ್ದರು. ಅವರ ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಮನೆಯಲ್ಲಿ ಅತ್ತೆ ಮತ್ತು ಹತ್ತನೆಯ ತರಗತಿಯ ಮಗಳು, ಪರೀಕ್ಷೆ ಹತ್ತಿರ.

ಸೆಮಿಫೈನಲ್ ದಿನ ಅಕ್ಕೋರು ನಿಯಮದಂತೆ ತಂಡದ ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಅವರ ಬೆನ್ನ ಹಿಂದೆಯೇ, ಹಗ್ಗದಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೆ. ಅರ್ಧ ಆಟ ಮುಗಿದಾಗ ಎರಡೂ ಕಡೆ ಗೋಲಾಗಿರಲಿಲ್ಲ. ಅಕ್ಕೋರು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

"ಏನ್ ಬೇಡ್ಕೊಳ್ಳಾಕತ್ತೀರಿ?" ಎಂದು ಬಗ್ಗಿ ಕೇಳಿದೆ.

ಹುಡುಗಿಯರು ದೂರದಲ್ಲಿದ್ದಾರೆಯೇ ಎಂದು ನೋಡಿ ಅವರು ಸಣ್ಣ ದನಿಯಲ್ಲಿ ಹೇಳಿದರು: "ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ? ಸೋಲ್ಲಿ ಅಂತ ಬೇಡ್ಕೊಳ್ಳಾಕತ್ತೀನಿ. ಇವತ್ತ ಗಾಡಿ ಹತ್ತಿದ್ರ ನಾಳೆ ಮಗಳ ಮುಂದ ಇರತೀನಿ."

"ನಾ ಗೆಲ್ಲಲಿ ಅಂತ ಬೇಡ್ಕೊಳ್ಳಾಕತ್ತೀನಿ."

"ನೀವ್ಯಾಕ್ರಿ? ನಿಮಗೇನ ಬರತೈತಿ ಅದರಾಗ?"

"ಇನ್ನೊಂದ ನಾಕ ದಿನಾ ಇರತೀರಲ್ಲ."

ಅವರು ತಿರುಗಿ ನನ್ನನ್ನು ನೋಡಿದರು. ಶಿಳ್ಳೆ ಕೇಳಿಸಿತು, ಆಟ ಮತ್ತೆ ಶುರುವಾಯಿತು. ಕೊನೆಗೆ ನಮ್ಮ ಕಡೆಯ ಕುಳ್ಳಗಿನ ಹುಡುಗಿ, ಮೊದಲ ದಿನ ಎರಡು ಬಕೆಟ್ ಕೇಳೆಂದು ಪಿಸುಗುಟ್ಟಿದವಳು, ಗುಂಪಿನೊಳಗಿಂದ ಅದು ಹೇಗೋ ಚೆಂಡನ್ನು ಬಲೆಗೆ ನೂಕಿದಳು. ನಾನು ಎದ್ದು ನಿಂತೆ. ನನಗಿಂತ ಮೊದಲೇ ಅಕ್ಕೋರು ಎದ್ದು, ಸೆರಗು ಬಿದ್ದದ್ದೂ ತಿಳಿಯದೆ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು ಅತ್ತರು. ಹುಡುಗಿಯರು ಅದನ್ನು ಆನಂದಬಾಷ್ಪವೆಂದೇ ತಿಳಿದರು.

ಮರುದಿನ ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಹೊರಗಿನ ಲೈನಿನ ದೀಪ ಹತ್ತಿತು. ಎತ್ತಿಕೊಂಡು ಕಾರ್ಖಾನೆಯ ಹೆಸರು ಹೇಳಿದೆ. ಆ ಕಡೆ ಹುಡುಗಿಯೊಬ್ಬಳ ದನಿ: "ನಮ್ಮವ್ವ ಅದಾಳೇನ್ರಿ ಅಲ್ಲಿ?"

ಅಷ್ಟು ವರ್ಷ ಆ ಬೋರ್ಡಿನ ಮುಂದೆ ಕೂತಿದ್ದೆ, ಕನ್ನಡದಲ್ಲಿ ಮಾತಾಡಿದ ಮೊದಲ ಕರೆ ಅದು. ಅಕ್ಕೋರು ಮನೆಗೆ ಈ ನಂಬರು ಕೊಟ್ಟಿದ್ದರು, ಯಾರೆಂದು ಕೂಡಲೇ ತಿಳಿಯಿತು.

"ಹೇಳವಾ, ನಾ ಹೇಳತೀನಿ ನಿಮ್ಮವ್ವಗ."

"ಆಯಿ ಬಚ್ಚಲದಾಗ ಬಿದ್ದಾಳ್ರಿ. ದವಾಖಾನ್ಯಾಗ ಹಾಕೇವಿ. ಚಪ್ಪಿ ಮುರದೈತಿ ಅಂದ್ರು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಅವ್ವಗ ಅಷ್ಟೆಲ್ಲಾ ಹೇಳಬ್ಯಾಡ್ರಿ, ಅಂಜತಾಳ. ಬಾ ಅಂತ ಹೇಳ್ರಿ, ಅಷ್ಟ."

ಬದಲಿಗೆ ಒಬ್ಬರನ್ನು ಕೂರಿಸಿ ಮೈದಾನಕ್ಕೆ ನಡೆದೆ. ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿದ್ದೆ, ಅಲ್ಲಿ ತಲುಪಿದಾಗ ಅತ್ತೆ ಬಿದ್ದು ಸೊಂಟದ ಎಲುಬು ಮುರಿದಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅಕ್ಕೋರು ಅಲ್ಲೇ ಹುಲ್ಲಿನ ಮೇಲೆ ಕೂತರು.

"ನಾ ಹೋಗಬೇಕ್ರಿ ಸರ್," ಎಂದರು ಕೋಚ್ ಕಡೆ ನೋಡಿ.

ಕೋಚ್ ಹಣೆ ಒರೆಸಿಕೊಂಡರು. ಹೆಣ್ಣುಮಕ್ಕಳ ತಂಡದ ಜೊತೆ ಬೆಂಚಿನ ಮೇಲೆ ಒಬ್ಬ ಹೆಂಗಸು ಇರಲೇಬೇಕು, ಇಲ್ಲದಿದ್ದರೆ ಆಡಲು ಬಿಡುವುದಿಲ್ಲ. "ಊರಿಂದ ಇನ್ನೊಬ್ಬರನ್ನ ಕರಸಾಕ ಟೈಮ್ ಇಲ್ರಿ. ನಾಳೆನ ಫೈನಲ್," ಎಂದರು. ಹುಡುಗಿಯರು ಆಟ ನಿಲ್ಲಿಸಿ ಸುತ್ತ ನಿಂತರು. ಯಾರೂ ಅಕ್ಕೋರಿಗೆ ಹೋಗಬೇಡಿ ಎನ್ನಲಿಲ್ಲ.

ಅಕ್ಕೋರು ನನ್ನ ಕಡೆ ಕೈ ಮಾಡಿದರು. "ಇವರು ಕೂಡತಾರ."

"ನನಗ ಆಟ ತಿಳಿಯಂಗಿಲ್ರಿ."

"ನನಗ ಎಲ್ಲಿ ತಿಳೀತಿತ್ತು? ನೀರ ಕೊಡೂದು, ಅಳು ಬಂದಾಕಿನ್ನ ಹಿಡಕೊಳ್ಳೂದು. ಅಷ್ಟ ಕೆಲಸ."

ನಾನು ಆ ಕಾರ್ಖಾನೆಯ ನೌಕರಳೇ ಆದ್ದರಿಂದ ವ್ಯವಸ್ಥಾಪಕರು ಒಪ್ಪಿಕೊಂಡರು.

ಅಕ್ಕೋರನ್ನು ಬಸ್ಸಿಗೆ ಕೂರಿಸಲು ನಾನೇ ಹೋದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ಕೂತರೆ ಅವರ ಮನಸ್ಸು ಇನ್ನಷ್ಟು ಕೆಡುತ್ತದೆಂದು, ಮಗಳಿಗೆ ಏನಾದರೂ ತಗೊಳ್ರಿ ಎಂದು ಸುಲ್ತಾನ್ ಬಜಾರಿಗೆ ಕರೆದುಕೊಂಡು ಹೋದೆ. ಆ ಜನಜಂಗುಳಿಯಲ್ಲಿ ಅವರು ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದರು. ಅಂಗಡಿಯವನ ಜೊತೆ ನಾನು ದಖ್ಖನಿ ಉರ್ದುವಿನಲ್ಲಿ ಚೌಕಾಸಿ ಮಾಡಿದೆ. ಅವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಬಣ್ಣ ಹೋಗತೈತೇನೋ ಕೇಳ್ರಿ," ಎನ್ನುತ್ತಿದ್ದರು. ನೇರಳೆ ಬಣ್ಣದ ಚೂಡಿದಾರದ ಬಟ್ಟೆ ಕೊಂಡೆವು. ಯಾರ ಜೊತೆಗಾದರೂ ಹೀಗೆ ಅಂಗಡಿ ಸುತ್ತಿ ಎಷ್ಟೋ ಕಾಲವಾಗಿತ್ತು. ಅವರ ಕಷ್ಟದ ದಿನ ಅದು, ಆದರೂ ನನಗೆ ಸುಖವಾಗಿತ್ತು.

ಬಸ್ಸು ಹೊರಡುವಾಗ ಕಿಟಕಿಯಿಂದ ಹೇಳಿದರು: "ಒಮ್ಮೆ ಬರ್ರಿ ನಮ್ಮ ಮನಿಗೆ. ನೀವು ಒಬ್ಬಾಕಿನ ಇರತೀರಿ."

"ಬರತೀನ್ರಿ," ಎಂದೆ.

ಫೈನಲಿನ ದಿನ ಕಾಟನ್ ಸೀರೆ ಉಟ್ಟು, ಕೊರಳಿಗೆ ಗುರುತಿನ ಬಿಲ್ಲೆ ನೇತುಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಾರ್ಖಾನೆಯ ದೊಡ್ಡ ಅಧಿಕಾರಿಗಳು ಶಾಮಿಯಾನದ ಕೆಳಗಿದ್ದರು. ಎದುರಿನ ತಂಡದ ಹುಡುಗಿಯರು ನಮ್ಮವರಿಗಿಂತ ಒಂದು ಗೇಣು ಎತ್ತರವಿದ್ದರು. ಆಟ ಶುರುವಾಗುವಾಗ ಅಭ್ಯಾಸಬಲದಿಂದ ಗೆಲ್ಲಲಿ ಎಂದು ಬೇಡಿಕೊಳ್ಳಹೊರಟೆ. ಆಗ ಹೊಳೆಯಿತು, ಇದು ಕೊನೆಯ ಪಂದ್ಯ. ಗೆದ್ದರೂ ನಾಳೆ ಹೋಗುತ್ತಾರೆ, ಸೋತರೂ ನಾಳೆ ಹೋಗುತ್ತಾರೆ. ಅದರ ನಂತರ ಆಟವನ್ನು ಆಟವೆಂದೇ ನೋಡಿದೆ. ದಿನಾ ನನ್ನ ವರಾಂಡದಲ್ಲಿ ಕೂತು ಸಣ್ಣಸಣ್ಣದಕ್ಕೂ ಜಗಳವಾಡುತ್ತಿದ್ದವರು ಇಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡದೆಯೇ ಚೆಂಡು ಎಲ್ಲಿ ಬರುತ್ತದೆಂದು ತಿಳಿದುಕೊಂಡಿದ್ದರು. ಇಷ್ಟು ದಿನ ನೋಡಿದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಅವರು ಗೆಲ್ಲಬೇಕೆಂದು ನನಗೆ ಅನ್ನಿಸಿತು, ಈ ಸಲ ಅವರ ಸಲುವಾಗಿ.

ಗೆಲ್ಲಲಿಲ್ಲ. ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಮೂಲೆಯಿಂದ ಎತ್ತರಕ್ಕೆ ಬಂದ ಚೆಂಡಿಗೆ ಎದುರಿನವಳೊಬ್ಬಳು ತಲೆ ಕೊಟ್ಟಳು. ನಮ್ಮ ಗೋಲ್‌ಕೀಪರ್ ಹುಡುಗಿ ಹಾರಿದಳು, ಬೆರಳಿಗೆ ತಾಕಿಯೇ ಚೆಂಡು ಒಳಗೆ ಹೋಯಿತು. ಕೊನೆಯ ಶಿಳ್ಳೆಯಾದಾಗ ಅವಳು ಗೋಲಿನ ಕಂಬಕ್ಕೆ ಆತು ಕೂತುಬಿಟ್ಟಳು. ಅಕ್ಕೋರು ಹೇಳಿದ್ದ ಕೆಲಸ ನೆನಪಾಗಿ ಅವಳ ಹತ್ತಿರ ಹೋದೆ, ನೀರು ಕೊಟ್ಟೆ, ಹಿಡಿದುಕೊಂಡೆ. ಬೆವರು, ಮಣ್ಣು, ಎಣ್ಣೆಯ ವಾಸನೆ. ಏನು ಹೇಳಬೇಕೆಂದು ತಿಳಿಯದೆ, "ರೊಟ್ಟಿ ಮಾಡೀನಿ, ನಡಿ," ಎಂದೆ. ಅವಳು ಅಳುತ್ತಲೇ ಎದ್ದಳು.

ಸಂಜೆ ಎಕ್ಸ್‌ಚೇಂಜಿಗೆ ಕರೆದುಕೊಂಡು ಹೋಗಿ ಅಕ್ಕೋರ ನೆರೆಮನೆಗೆ ಫೋನ್ ಹಚ್ಚಿಕೊಟ್ಟೆ. ಎಲ್ಲರೂ ಒಂದೇ ರಿಸೀವರಿಗೆ ಕಿವಿಯಿಟ್ಟು ನೂಕಾಡಿದರು. "ಸೋತ್ವಿರಿ ಅಕ್ಕೋರ," ಎಂದಳು ಕ್ಯಾಪ್ಟನ್. ಆಮೇಲೆ, "ಆಯಿ ಹೆಂಗದಾಳ್ರಿ?" ಎಂದಳು. ಅತ್ತೆಗೆ ಆಪರೇಷನ್ ಆಗಿತ್ತು, ಮಾತಾಡುತ್ತಿದ್ದರು. ರಿಸೀವರ್ ನನ್ನ ಕೈಗೆ ಬರುವ ಮೊದಲೇ ಆ ಕಡೆ ಯಾರೋ ಅಕ್ಕೋರನ್ನು ಕರೆದರು.

ಮರುದಿನ ಟೆಂಪೊ ಬಂತು. ಹುಡುಗಿಯರು ಒಬ್ಬೊಬ್ಬರಾಗಿ ಕಾಲಿಗೆ ಬಿದ್ದರು. ವಾರದೊಳಗೆ ಮಂಚಗಳನ್ನು ಒಯ್ದರು. ಅವರು ಹೋದ ಮರುದಿನ ಮುಂಜಾನೆ ನೀರು ಬಂದಾಗ ಪಕ್ಕದ ಮನೆಯಲ್ಲಿ ಯಾರೂ ಬಕೆಟ್ ಇಡಲಿಲ್ಲ. ಎಂದಿನಷ್ಟೇ ಹಿಟ್ಟು ಕಲಸಿದ್ದೆ, ಎರಡು ದಿನ ಆ ರೊಟ್ಟಿಯನ್ನೇ ತಿಂದೆ.

ಬೆಳಗಾವಿಗೆ ನಾನು ಹೋಗಲಿಲ್ಲ. ಒಮ್ಮೆ ಫೋನ್ ಮಾಡಿದೆ. ಅಕ್ಕೋರು ಸಂತೋಷಪಟ್ಟರು, ಅತ್ತೆ ಕೋಲು ಹಿಡಿದು ನಡೆಯುತ್ತಾರೆ, ಮಗಳು ಪಾಸಾದಳು ಎಂದರು. ಊಟ ಆಯಿತೇ ಎಂದು ನಾನು ಕೇಳಿದೆ, ಅವರೂ ಕೇಳಿದರು. ಆಮೇಲೆ ಇಬ್ಬರಿಗೂ ಮಾತು ಸಿಗಲಿಲ್ಲ. ಒಂದೇ ಮನೆಯಲ್ಲಿ ಮಲಗಿ ಎದ್ದು ಆಡಿದ ಮಾತುಗಳು ಫೋನಿನಲ್ಲಿ ಬರುವಂಥವಲ್ಲ ಎಂದು, ಅದೇ ಕೆಲಸ ಮಾಡುವ ನನಗೆ ತಿಳಿದಿರಬೇಕಿತ್ತು.

ಮುಂದಿನ ವರ್ಷ ಆ ಕಪ್ಪಿನ ಪಂದ್ಯಗಳು ಬೇರೆ ಊರಿಗೆ ಹೋದವು. ನಾನು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ತೆಲುಗು ಪೇಪರಿನ ಆಟದ ಪುಟ ತಿರುವುತ್ತಿದ್ದೆ. ಒಂದು ದಿನ ಕೆಳಗಿನ ಮೂಲೆಯಲ್ಲಿ ಎರಡು ಸಾಲು ಕಂಡವು. ಬೆಳಗಾವಿಯ ಹುಡುಗಿಯರು ಮೊದಲ ಪಂದ್ಯದಲ್ಲೇ ಸೋತಿದ್ದರು. ಅಕ್ಕೋರು ಈ ಸಲವೂ ಜೊತೆಗೆ ಹೋಗಿದ್ದರೆ ಅದೇ ಸಂಜೆ ಗಾಡಿ ಹತ್ತಿರುತ್ತಾರೆ ಎಂದುಕೊಂಡೆ. ಯಾರಿಗಾದರೂ ಹೇಳಬೇಕೆನ್ನಿಸಿತು. ಅಂಗಡಿಯವನಿಗೆ ತೆಲುಗಿನಲ್ಲಿ, ನಮ್ಮ ಟೀಮು ಸೋತುಹೋಯಿತು ಎಂದೆ.

"ಕ್ರಿಕೆಟ್ಟಾ ಅಮ್ಮಾ?" ಎಂದ ಅವನು, ಹಾಲಿನ ಪ್ಯಾಕೆಟ್ ಒರೆಸುತ್ತ.

"ಕ್ರಿಕೆಟ್ ಕಾದು, ಫುಟ್‌ಬಾಲ್," ಎಂದೆ. ಅವನು ತಲೆಯಾಡಿಸಿ ಮುಂದಿನ ಗಿರಾಕಿಯ ಕಡೆ ತಿರುಗಿದ. ನಾನು ಪೇಪರನ್ನು ಮಡಿಸಿ ಅಲ್ಲೇ ಇಟ್ಟು ಡ್ಯೂಟಿಗೆ ಹೊರಟೆ.